ರೈಟರ್ಸ್ ಕಾನ್ಫರೆನ್ಸ್‌ಗೆ ಹೋಗುವ ಮುನ್ನ: ಸಾಹಿತ್ಯ ಏಜೆಂಟರನ್ನು ಕಾಣುವುದು ಹೇಗೆ

ಇಂಗ್ಲಿಷಿನಲ್ಲಿ ಕಾದಂಬರಿ ಬರೆದಿಟ್ಟುಕೊಂಡ ಕನ್ನಡಿಗರು, ತಮ್ಮ ಕನ್ನಡ ಪುಸ್ತಕಕ್ಕೆ ಅನುವಾದ ಮಾಡಿಸಿಕೊಂಡವರು ಪದೇ ಪದೇ ಕೇಳುವ ಪ್ರಶ್ನೆ ಒಂದೇ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ನಡೆಯುವ ರೈಟರ್ಸ್ ಕಾನ್ಫರೆನ್ಸ್‌ಗೆ ಅಷ್ಟು ದುಡ್ಡು ಕಟ್ಟಿ ಹೋದರೆ ಏಜೆಂಟ್ ಸಿಗುತ್ತಾರೆಯೆ? ಅಲ್ಲಿ ಯಾರೂ ಪುಸ್ತಕ ಕೊಳ್ಳುವುದಿಲ್ಲ, ಒಪ್ಪಂದಕ್ಕೆ ಸಹಿ ಹಾಕುವುದೂ ಇಲ್ಲ. ನಿಮಗೆ ಸಿಗುವುದು ಹತ್ತು ನಿಮಿಷ. ಎಲ್ಲ ಸರಿಹೋದರೆ ಅದರ ಕೊನೆಗೆ "ಮೊದಲ ಐವತ್ತು ಪುಟ ಕಳುಹಿಸಿ" ಎಂಬ ಒಂದು ಮಾತು. ಆ ಒಂದು ಮಾತಿಗಾಗಿ ಹೊರಡುವ ಮುಂಚೆ ಎರಡು ಮೂರು ತಿಂಗಳ ತಯಾರಿ ಬೇಕು, ಬಂದ ಮೇಲೂ ಬೇಕಾದಷ್ಟು ಕೆಲಸವಿದೆ.

ಸಮ್ಮೇಳನ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಅಧ್ಯಕ್ಷರ ಮೆರವಣಿಗೆ, ಗೋಷ್ಠಿಗಳು, ಪುಸ್ತಕ ಮಳಿಗೆ, ಊಟದ ಸಾಲು. ಇದು ಬೇರೆ ಜಾತಿಯದು. ಇಲ್ಲಿ ಬರುವವರಲ್ಲಿ ಓದುಗರಿಲ್ಲ, ಎಲ್ಲರೂ ಬರೆಯುವವರೇ. ಹೋಟೆಲ್ಲಿನಲ್ಲೋ ಕಾಲೇಜಿನಲ್ಲೋ ಎರಡು ಮೂರು ದಿನ ತರಗತಿಗಳು, ಚರ್ಚೆಗಳು, ಜೊತೆಗೆ ಏಜೆಂಟರು ಮತ್ತು ಸಂಪಾದಕರೊಂದಿಗೆ ಗಡಿಯಾರ ಹಿಡಿದು ನಡೆಯುವ ಭೇಟಿಗಳು. ಅಮೆರಿಕದ ಕನ್ನಡ ಸಂಘಟನೆಗಳಾದ ಅಕ್ಕ, ನಾವಿಕಗಳ ಸಮ್ಮೇಳನಗಳಲ್ಲೂ ಸಾಹಿತ್ಯ ಗೋಷ್ಠಿಗಳಿರುತ್ತವೆ, ಆದರೆ ಅವುಗಳ ಉದ್ದೇಶವೇ ಬೇರೆ. ಏಜೆಂಟರನ್ನು ಅಲ್ಲಿ ಹುಡುಕಬೇಡಿ.

ಏಜೆಂಟ್ ಯಾರು, ನಿಮಗೆ ಬೇಕೆ?

ಸಾಹಿತ್ಯ ಏಜೆಂಟ್ ಎಂದರೆ ಲೇಖಕರ ಪರವಾಗಿ ಹಸ್ತಪ್ರತಿಯನ್ನು ಪ್ರಕಾಶಕರಿಗೆ ತೋರಿಸಿ, ದರ ಮಾತಾಡಿ, ಒಪ್ಪಂದದ ಕಲಮುಗಳನ್ನು ತಿದ್ದಿಸಿ, ಹಣ ವಸೂಲು ಮಾಡಿಕೊಡುವವರು. ಪುಸ್ತಕ ಮಾರಾಟವಾದರೆ ಮಾತ್ರ ಅವರಿಗೆ ಸಂಪಾದನೆ: ಸ್ವದೇಶದ ಮಾರಾಟದಲ್ಲಿ ಸಾಮಾನ್ಯವಾಗಿ 15%, ವಿದೇಶಿ ಮತ್ತು ಅನುವಾದದ ಹಕ್ಕುಗಳಲ್ಲಿ 20%. ಅಮೆರಿಕ, ಬ್ರಿಟನ್ನಿನ ದೊಡ್ಡ ಪ್ರಕಾಶನ ಸಂಸ್ಥೆಗಳು ಏಜೆಂಟರಿಲ್ಲದೆ ಬಂದ ಕಾದಂಬರಿಯನ್ನು ಬಹುತೇಕ ತೆರೆದೇ ನೋಡುವುದಿಲ್ಲ. ಹಾಗಾಗಿ ಅಲ್ಲಿ ಇವರು ಬೇಕು.

ಎಲ್ಲರಿಗೂ ಬೇಕಿಲ್ಲ. ಕವನ ಸಂಕಲನ, ಪಿಎಚ್.ಡಿ. ಪ್ರಬಂಧದಿಂದ ಬೆಳೆದ ಶಾಸ್ತ್ರೀಯ ಪುಸ್ತಕ, ಸಣ್ಣ ಪ್ರಕಾಶಕರಿಗೆ ಹೊಂದುವ ಪ್ರಯೋಗಶೀಲ ಬರಹ ಇವಕ್ಕೆ ನೇರವಾಗಿಯೇ ಪ್ರಕಾಶಕರಿಗೆ ಬರೆಯಬಹುದು. ಕನ್ನಡದಲ್ಲಿ ಲೇಖಕ ಮತ್ತು ಪ್ರಕಾಶಕರ ನಡುವೆ ಏಜೆಂಟರಿರುವ ರೂಢಿಯೇ ಇಲ್ಲ. ಭಾರತದ ಇಂಗ್ಲಿಷ್ ಪ್ರಕಾಶನದಲ್ಲಿ ಎರಡೂ ದಾರಿ ತೆರೆದಿವೆ. ಜೈಪುರದ ಸಿಯಾಹಿ, ದೆಹಲಿಯ ರೈಟರ್ಸ್ ಸೈಡ್ ತರಹದ ಏಜೆನ್ಸಿಗಳಿವೆ. ನೇರವಾಗಿ ಹಸ್ತಪ್ರತಿ ಸ್ವೀಕರಿಸುವ ಪ್ರಕಾಶಕರೂ ಇದ್ದಾರೆ.

1. ಮೊದಲು ಹಸ್ತಪ್ರತಿ ಮುಗಿಸಿ

ಕಾದಂಬರಿಯಾದರೆ ಪೂರ್ತಿ ಬರೆದು, ಕನಿಷ್ಠ ಒಂದೆರಡು ಬಾರಿ ತಿದ್ದಿ, ನಿಮ್ಮ ಮನೆಯವರಲ್ಲದ ಇಬ್ಬರಿಂದಾದರೂ ಓದಿಸಿರಬೇಕು. "ಮುಕ್ಕಾಲು ಭಾಗ ಆಗಿದೆ" ಎಂದು ಹೋದವರಿಗೆ ಏಜೆಂಟ್ ಹೇಳುವುದು ಒಂದೇ, ಮುಗಿದ ಮೇಲೆ ಬನ್ನಿ. ಕಟ್ಟಿದ ಶುಲ್ಕ ಅಲ್ಲಿಗೆ ಹೋಯಿತು.

ಪದಗಳ ಲೆಕ್ಕ ನೋಡಿಕೊಳ್ಳಿ. ಇಂಗ್ಲಿಷಿನಲ್ಲಿ ಮೊದಲ ಕಾದಂಬರಿಗೆ 80,000ದಿಂದ 1,00,000 ಪದ ಸಾಮಾನ್ಯ. ಫ್ಯಾಂಟಸಿಗೆ 1,20,000ದವರೆಗೆ ಸಹಿಸುತ್ತಾರೆ. ಹದಿಹರೆಯದವರ ಕಾದಂಬರಿಗೆ 50,000ದಿಂದ 80,000. ಎರಡು ಲಕ್ಷ ಪದ ಎಂದು ಕಿವಿಗೆ ಬಿದ್ದರೆ "ಇನ್ನೂ ತಿದ್ದಿಲ್ಲ" ಎಂದೇ ಏಜೆಂಟರು ಅರ್ಥ ಮಾಡಿಕೊಳ್ಳುತ್ತಾರೆ, ಕಥೆ ಕೇಳುವ ಮುಂಚೆಯೇ.

ಕಥೆಯಲ್ಲದ ಬರಹಕ್ಕೆ, ಅಂದರೆ ಇತಿಹಾಸ, ವಿಜ್ಞಾನ, ಅಡುಗೆ ಇಂಥವಕ್ಕೆ, ನಿಯಮ ಬೇರೆ. ಇಡೀ ಪುಸ್ತಕ ಬೇಕಿಲ್ಲ. ಬುಕ್ ಪ್ರೊಪೋಸಲ್ ಸಾಕು. ಪುಸ್ತಕ ಏನು, ಯಾರಿಗೆ, ಇದೇ ವಿಷಯದ ಬೇರೆ ಪುಸ್ತಕಗಳಿಗಿಂತ ಹೇಗೆ ಭಿನ್ನ, ಬರೆಯಲು ನೀವೇ ಯಾಕೆ ತಕ್ಕವರು, ಅಧ್ಯಾಯವಾರು ವಿವರ, ಮಾದರಿಗೆ ಒಂದೆರಡು ಅಧ್ಯಾಯ ಇಷ್ಟು ಅದರಲ್ಲಿರುತ್ತದೆ. ಆತ್ಮಕಥನವನ್ನು ಮಾತ್ರ ಹೆಚ್ಚಿನ ಏಜೆಂಟರು ಕಾದಂಬರಿಯಂತೆಯೇ ನೋಡುತ್ತಾರೆ, ಪೂರ್ತಿ ಬರೆದಿರಬೇಕು.

2. ಯಾವ ಸಮ್ಮೇಳನ?

ಜನ ಎಡವುವುದು ಹೆಚ್ಚಾಗಿ ಇಲ್ಲಿ. ಹೆಸರು ದೊಡ್ಡದೆಂದು ಹೋಗಬೇಡಿ, ಅಲ್ಲಿ ಏನು ನಡೆಯುತ್ತದೆ ಎಂದು ನೋಡಿ.

ವರ್ಮಾಂಟ್‌ನ ಬ್ರೆಡ್ ಲೋಫ್ 1926ರಿಂದ ಇರುವ, ಮಿಡಲ್‌ಬರಿ ಕಾಲೇಜು ನಡೆಸುವ ಸಮ್ಮೇಳನ. ಅರ್ಜಿ ಹಾಕಿ, ಬರಹದ ಮಾದರಿ ಕಳುಹಿಸಿ ಆಯ್ಕೆಯಾಗಬೇಕು. ಅದರ ಜೀವಾಳ ಕಮ್ಮಟ: ಹಿರಿಯ ಲೇಖಕರೊಬ್ಬರ ಜೊತೆ ಸಣ್ಣ ಗುಂಪಿನಲ್ಲಿ ಕೂತು ಒಬ್ಬರ ಬರಹವನ್ನು ಇನ್ನೊಬ್ಬರು ಬಿಡಿಸಿ ನೋಡುವುದು. ನೆರವಿನ ಧನಕ್ಕೂ ಅರ್ಜಿ ಹಾಕಬಹುದು. ಬರಹ ಇನ್ನೂ ಮಾಗಬೇಕು ಅನ್ನಿಸುವವರಿಗೆ ಇಂಥ ಜಾಗವೇ ಮೇಲು.

ಎಡಬ್ಲ್ಯುಪಿ ಎಂದು ಕರೆಯುವ ಸಮ್ಮೇಳನ ಪ್ರತಿವರ್ಷ ಅಮೆರಿಕದ ಬೇರೆ ಬೇರೆ ಊರಿನಲ್ಲಿ ನಡೆಯುತ್ತದೆ, ಸಾವಿರಾರು ಜನ ಸೇರುತ್ತಾರೆ. ಅಲ್ಲಿ ಸಾಹಿತ್ಯ ಪತ್ರಿಕೆಗಳವರು, ಸಣ್ಣ ಪ್ರಕಾಶಕರು, ಸೃಜನಶೀಲ ಬರವಣಿಗೆಯ ಅಧ್ಯಾಪಕರು ಸಿಗುತ್ತಾರೆ. ಸಣ್ಣಕಥೆ, ಕವಿತೆ, ಅನುವಾದ ಮಾಡುವವರಿಗೆ ಅದರ ಪುಸ್ತಕ ಮಳಿಗೆಗಳನ್ನು ಸುತ್ತುವುದೇ ದೊಡ್ಡ ಲಾಭ. ಏಜೆಂಟರಿಗಾಗಿಯೇ ಹೋಗುವವರಿಗೆ ಅದು ತಕ್ಕ ಜಾಗವಲ್ಲ.

ಏಜೆಂಟ್ ಭೇಟಿಯೇ ಮುಖ್ಯವಾದರೆ ಪಿಚ್ ವ್ಯವಸ್ಥೆ ಇರುವ ಸಮ್ಮೇಳನ ಹುಡುಕಿ. ಪಿಚ್ ಎಂದರೆ ಪುಸ್ತಕದ ತಿರುಳನ್ನು ಎದುರಾ ಎದುರು ಹೇಳಿ ಆಸಕ್ತಿ ಹುಟ್ಟಿಸುವುದು. ಸ್ಯಾನ್ ಫ್ರಾನ್ಸಿಸ್ಕೋ ರೈಟರ್ಸ್ ಕಾನ್ಫರೆನ್ಸ್, ಪೋರ್ಟ್‌ಲ್ಯಾಂಡ್‌ನ ವಿಲಾಮೆಟ್, ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿರುವ ಸರೇ, ಥ್ರಿಲ್ಲರ್ ಬರೆಯುವವರಿಗೆ ನ್ಯೂಯಾರ್ಕಿನ ಥ್ರಿಲ್ಲರ್‌ಫೆಸ್ಟ್ ಈ ಬಗೆಯವು. ಸರೇಯಲ್ಲಿ ಬ್ಲೂ ಪೆನ್ಸಿಲ್ ಎಂಬ ಭೇಟಿಯೂ ಇದೆ: ಅನುಭವಿ ಲೇಖಕರೊಬ್ಬರು ನಿಮ್ಮ ಮೊದಲ ಕೆಲವು ಪುಟಗಳನ್ನು ಎದುರಿಗೇ ಓದಿ ಎಲ್ಲಿ ಎಡವಿದೆ ಎಂದು ತೋರಿಸುತ್ತಾರೆ. ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ, ಮೊದಲ ಸಲ ಹೋಗುವವರು ಪಿಚ್ ಬಿಟ್ಟು ಇದನ್ನೇ ಆರಿಸುವುದು ಒಳ್ಳೆಯದು. ಕೆಟ್ಟ ಮೊದಲ ಪುಟವನ್ನು ಎಷ್ಟು ಒಳ್ಳೆಯ ಪಿಚ್ ಕೂಡ ಉಳಿಸಲಾರದು.

ಎಚ್ಚರ: ಫ್ರಾಂಕ್‌ಫರ್ಟ್, ಲಂಡನ್, ಬೊಲೊನಾ ಪುಸ್ತಕ ಮೇಳಗಳಲ್ಲಿ ಏಜೆಂಟರು ರಾಶಿ ರಾಶಿ ಇರುತ್ತಾರೆ ನಿಜ, ಆದರೆ ಅವು ಹಕ್ಕುಗಳ ವ್ಯಾಪಾರದ ಮೇಳಗಳು. ಅರ್ಧ ಗಂಟೆಗೊಂದರಂತೆ ಪ್ರಕಾಶಕರ ಭೇಟಿ ಹಾಕಿಕೊಂಡಿರುವವರ ಮೇಜಿನ ಮುಂದೆ ಹಸ್ತಪ್ರತಿ ಹಿಡಿದು ನಿಂತರೆ ಹೆಸರು ಕೆಡುತ್ತದೆ. ಜೈಪುರ, ಬೆಂಗಳೂರಿನ ಸಾಹಿತ್ಯ ಉತ್ಸವಗಳೂ ಮುಖ್ಯವಾಗಿ ಓದುಗರಿಗಾಗಿ. ಜೈಪುರದಲ್ಲಿ ಪ್ರಕಾಶನ ಉದ್ಯಮಕ್ಕೆಂದೇ ಜೈಪುರ ಬುಕ್‌ಮಾರ್ಕ್ ಎಂಬ ಪ್ರತ್ಯೇಕ ವಿಭಾಗವಿದೆ. ಹೊಸಬರ ಹಸ್ತಪ್ರತಿಗೆ ಅಲ್ಲಿ ಅವಕಾಶವಿದೆಯೇ ಎಂದು ಆಯಾ ವರ್ಷದ ಪ್ರಕಟಣೆ ನೋಡಿಕೊಂಡೇ ಟಿಕೆಟ್ ಮಾಡಿಸಿ.

ನೋಂದಣಿ ಶುಲ್ಕದಲ್ಲಿ ಪಿಚ್ ಭೇಟಿ ಸೇರಿದೆಯೆ, ಬೇರೆ ಹಣವೇ ಎಂದು ವಿಚಾರಿಸಿ. ಬೇಡಿಕೆಯ ಏಜೆಂಟರ ಸಮಯ ನೋಂದಣಿ ತೆರೆದ ಕೆಲವೇ ದಿನಗಳಲ್ಲಿ ತುಂಬಿಹೋಗುತ್ತದೆ. ಆನ್‌ಲೈನ್ ಪಿಚ್ ಇದ್ದರೆ ಭಾರತದಲ್ಲಿರುವವರು ಅದರಿಂದಲೇ ಶುರು ಮಾಡಿ. ವಿಮಾನ, ವೀಸಾ, ಹೋಟೆಲ್ ಖರ್ಚು ಉಳಿಯುತ್ತದೆ. ಸಮಯ ಅಲ್ಲಿನದೋ ಇಲ್ಲಿನದೋ ಎಂದು ಮಾತ್ರ ಎರಡು ಬಾರಿ ನೋಡಿ.

3. ಯಾರನ್ನು ಕಾಣಬೇಕೆಂದು ಮೊದಲೇ ಗೊತ್ತುಮಾಡಿ

ಬರಲಿರುವ ಏಜೆಂಟರ ಪಟ್ಟಿ ಸಿಕ್ಕಿದ ಮೇಲೆ ಒಬ್ಬೊಬ್ಬರ ಬಗ್ಗೆ ಮೂರು ಸಂಗತಿ ತಿಳಿದುಕೊಳ್ಳಿ: ಇತ್ತೀಚೆಗೆ ಯಾವ ಪುಸ್ತಕ ಮಾರಿದ್ದಾರೆ, ನಿಮ್ಮ ಬಗೆಯ ಬರಹ ತೆಗೆದುಕೊಳ್ಳುತ್ತಾರೆಯೆ, ಈಗ ಹೊಸಬರಿಗೆ ಬಾಗಿಲು ತೆರೆದಿದೆಯೆ. ಏಜೆನ್ಸಿಯ ಜಾಲತಾಣ ಮೊದಲು. ಮಾರಾಟದ ವಿವರಕ್ಕೆ ಪಬ್ಲಿಷರ್ಸ್ ಮಾರ್ಕೆಟ್‌ಪ್ಲೇಸ್ ಇದೆ. ಚಂದಾ ಕಟ್ಟಬೇಕು, ಒಂದೇ ತಿಂಗಳಿಗೆ ಕಟ್ಟಿ ಬೇಕಾದದ್ದೆಲ್ಲ ಬರೆದಿಟ್ಟುಕೊಂಡರೆ ಸಾಕು. ಖರ್ಚಿಲ್ಲದ ದಾರಿಯೂ ಇದೆ. ನಿಮ್ಮ ಪುಸ್ತಕದ ಜಾತಿಗೆ ಸೇರಿದ ಇತ್ತೀಚಿನ ಕಾದಂಬರಿಗಳ ಕೊನೆಯ ಕೃತಜ್ಞತೆಯ ಪುಟ ತಿರುಗಿಸಿ. ಅಲ್ಲಿ ಲೇಖಕರು ತಮ್ಮ ಏಜೆಂಟರ ಹೆಸರು ಹೇಳಿಯೇ ಇರುತ್ತಾರೆ.

ಮೋಸಗಾರರನ್ನು ಗುರುತಿಸುವುದು ಕಷ್ಟವಲ್ಲ. ಓದುವುದಕ್ಕೆ ಶುಲ್ಕ ಕೇಳುವವರು, "ಈ ಸಂಪಾದಕರಿಗೆ ಹಣ ಕೊಟ್ಟು ತಿದ್ದಿಸಿದರೆ ತೆಗೆದುಕೊಳ್ಳುತ್ತೇವೆ" ಎನ್ನುವವರು, ಮಾರಿದ ಒಂದು ಪುಸ್ತಕವನ್ನೂ ಹೆಸರಿಸಲಾಗದವರು, ನೀವು ಏನೂ ಕಳುಹಿಸದೆಯೇ "ನಿಮ್ಮ ಪುಸ್ತಕಕ್ಕೆ ಹಾಲಿವುಡ್ ಕಾಯುತ್ತಿದೆ" ಎಂದು ಫೋನ್ ಮಾಡುವವರು. ಪ್ರಸಿದ್ಧ ಏಜೆನ್ಸಿಯ ಹೆಸರಿನಲ್ಲೇ ಸುಳ್ಳು ಇಮೇಲ್ ಬರುವುದೂ ಉಂಟು, ವಿಳಾಸವನ್ನು ಅಕ್ಷರ ಅಕ್ಷರ ನೋಡಿ. ರೈಟರ್ ಬಿವೇರ್ ಎಂಬ ತಾಣ ಇಂಥ ವಂಚನೆಗಳನ್ನು ದಾಖಲಿಸುತ್ತ ಬಂದಿದೆ. ಸಮ್ಮೇಳನದವರು ಪಿಚ್ ಭೇಟಿಗೆ ಪಡೆಯುವ ಹಣ ಬೇರೆ, ಅದು ಸಮ್ಮೇಳನದ ಶುಲ್ಕ. ಏಜೆಂಟ್ ತಾನೇ ಕೇಳಿದರೆ ಮಾತ್ರ ಎದ್ದು ಬನ್ನಿ.

4. ಪಿಚ್ ಕಟ್ಟುವುದು

ಹತ್ತು ನಿಮಿಷದ ಭೇಟಿಯಲ್ಲಿ ನೀವು ಮಾತಾಡಬೇಕಾದ್ದು ಒಂದೂವರೆ ನಿಮಿಷ. ಉಳಿದದ್ದು ಅವರ ಪ್ರಶ್ನೆಗಳಿಗೆ. ಸ್ಪೀಡ್ ಡೇಟಿಂಗ್ ಮಾದರಿಯಲ್ಲಿ ಒಬ್ಬರಿಗೆ ಮೂರೇ ನಿಮಿಷ ಸಿಕ್ಕರೆ ನಿಮ್ಮ ಪಾಲು ನಲವತ್ತೈದು ಸೆಕೆಂಡ್. ಒಂದೂವರೆ ನಿಮಿಷಕ್ಕೆ ಇಂಗ್ಲಿಷಿನ ಸುಮಾರು 200 ಪದ. ಎರಡೂ ಅಳತೆಯದನ್ನು ಬರೆದಿಟ್ಟುಕೊಳ್ಳಿ.

ಮೊದಲ ವಾಕ್ಯದಲ್ಲಿ ಹೆಸರು, ಪ್ರಕಾರ, ಪದಸಂಖ್ಯೆ. ಆಮೇಲೆ ಕಥೆ: ಯಾರು, ಅವರಿಗೆ ಏನು ಬೇಕು, ಅಡ್ಡ ಏನಿದೆ, ಸೋತರೆ ಏನು ಕಳೆದುಕೊಳ್ಳುತ್ತಾರೆ. ಕೊನೆಗೆ ಹೋಲಿಕೆಯ ಪುಸ್ತಕಗಳು. ಅವರು ಇವಕ್ಕೆ ಕಾಂಪ್ಸ್ ಎನ್ನುತ್ತಾರೆ. ಅಂಗಡಿಯಲ್ಲಿ ನಿಮ್ಮ ಪುಸ್ತಕ ಯಾವುದರ ಪಕ್ಕ ಕೂರಬೇಕು ಎಂದು ತೋರಿಸುವ, ಕಳೆದ ಮೂರರಿಂದ ಐದು ವರ್ಷದೊಳಗೆ ಬಂದ ಎರಡು ಪುಸ್ತಕಗಳು. ನೊಬೆಲ್ ಪಡೆದವರ, ಅಭಿಜಾತ ಕೃತಿಗಳ ಹೆಸರು ಬೇಡ. ಅದು ಅಹಂಕಾರದಂತೆ ಕೇಳಿಸುತ್ತದೆ, ಅದಕ್ಕಿಂತ ಹೆಚ್ಚಾಗಿ ಇವತ್ತಿನ ಪುಸ್ತಕಗಳನ್ನು ಓದಿಲ್ಲ ಎಂದು ಹೇಳಿಬಿಡುತ್ತದೆ.

ನಮ್ಮವರ ಪಿಚ್ ಸೋಲುವುದು ಸಾಮಾನ್ಯವಾಗಿ ಹೀಗೆ: "ಮಲೆನಾಡಿನ ಮೂರು ತಲೆಮಾರುಗಳ ಮೂಲಕ ಮಾನವೀಯ ಮೌಲ್ಯಗಳ ಪತನವನ್ನು ನನ್ನ ಕಾದಂಬರಿ ಶೋಧಿಸುತ್ತದೆ." ಇದು ಬೆನ್ನುಡಿಯ ಮಾತು, ಕೇಳಿದವರಿಗೆ ಒಬ್ಬ ಮನುಷ್ಯನೂ ಕಾಣಲಿಲ್ಲ. ಅದೇ ಕಥೆಯನ್ನು ಹೀಗೆ ಹೇಳಿ ನೋಡಿ:

"1986ರ ಸಕಲೇಶಪುರ. ಕಾಫಿ ತೋಟದಲ್ಲಿ ರೈಟರ್ ಆಗಿದ್ದ ಗಂಡ ಸತ್ತ ಮೇಲೆ ಸರಸ್ವತಿಯ ಕೈಗೆ ಅವನ ಲೆಕ್ಕದ ಪುಸ್ತಕ ಸಿಗುತ್ತದೆ. ಹನ್ನೊಂದು ವರ್ಷ ಆಳುಗಳ ಕೂಲಿಯಲ್ಲಿ ಕದ್ದ ಹಣದ ಲೆಕ್ಕ ಅದರಲ್ಲಿದೆ. ಕದ್ದವನು ಸಾಹುಕಾರನಲ್ಲ, ಗಂಡನೇ. ಪುಸ್ತಕ ತೋರಿಸಿದರೆ ತೋಟದ ಮನೆ ಬಿಡಬೇಕು, ಮಗನ ಓದು ನಿಲ್ಲುತ್ತದೆ. ಸುಟ್ಟರೆ ಲೈನ್‌ಮನೆಯ ಹೆಂಗಸರ ಮುಖವನ್ನು ದಿನಾ ನೋಡಬೇಕು."

ಇಲ್ಲಿಗೆ ನಿಲ್ಲಿಸಿ. ಮುಂದೇನಾಯಿತು ಎಂದು ಅವರೇ ಕೇಳಲಿ. ಇದನ್ನು ಇಂಗ್ಲಿಷಿನಲ್ಲಿ ಹೇಳುವಾಗ ಇನ್ನೊಂದು ತೊಡಕಿದೆ: ತೋಟದ ರೈಟರ್ ಎಂದರೆ ಮೇಸ್ತ್ರಿಗಳ ಮೇಲೆ ಲೆಕ್ಕ, ಹಾಜರಿ ನೋಡುವವನು ಎಂದು ನಮಗೆ ಗೊತ್ತು, ಅಮೆರಿಕದವರಿಗೆ ಅದು ಸಾಹಿತಿ ಎಂದೇ ಕೇಳಿಸುತ್ತದೆ. ಇಂಥ ಪದ ಒಂದೇ ಒಂದು ಉಳಿದರೂ ಕೇಳುಗರ ಗಮನ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ತೋಟದ ಗುಮಾಸ್ತ ಎಂದುಬಿಡಿ. ಜಾತಿ ವ್ಯವಸ್ಥೆ, ಭೂಸುಧಾರಣೆ, ಊರಿನ ಇತಿಹಾಸ ಇವನ್ನೆಲ್ಲ ಪೀಠಿಕೆಯಾಗಿ ವಿವರಿಸಲು ಹೋಗಬೇಡಿ. ಪಾತ್ರದ ಸಂಕಟ ಗೊತ್ತಾದರೆ ಹಿನ್ನೆಲೆಯನ್ನು ಅವರೇ ಕೇಳುತ್ತಾರೆ.

ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ, ಫೋನಿನಲ್ಲಿ ಸಮಯ ಇಟ್ಟುಕೊಂಡು. ಬಾಯಿಪಾಠ ಬೇಡ, ನಡುವೆ ಒಂದು ಪದ ಮರೆತರೆ ಎಲ್ಲವೂ ಕುಸಿಯುತ್ತದೆ. ಚೀಟಿ ನೋಡಿದರೆ ತಪ್ಪೇನೂ ಇಲ್ಲ. ಉಚ್ಚಾರಣೆಯ ಬಗ್ಗೆ ಅಂಜಬೇಡಿ, ನಿಧಾನವಾಗಿ ಹೇಳಿದರೆ ಸಾಕು.

5. ಸಮ್ಮೇಳನದ ದಿನಗಳಲ್ಲಿ

ಮುದ್ರಿಸಿದ ಹಸ್ತಪ್ರತಿ ಒಯ್ಯಬೇಡಿ, ಯಾರೂ ಹೊತ್ತುಕೊಂಡು ಹೋಗುವುದಿಲ್ಲ. ಮೊದಲ ಐದು ಪುಟದ ಎರಡು ಪ್ರತಿ, ಹೆಸರು ಮತ್ತು ಇಮೇಲ್ ಇರುವ ಕಾರ್ಡು, ಒಂದು ನೋಟ್‌ಬುಕ್ ಸಾಕು.

ಭೇಟಿಯಲ್ಲಿ ಅವರು ಸಾಮಾನ್ಯವಾಗಿ ಕೇಳುವುದು: ಪುಸ್ತಕ ಮುಗಿದಿದೆಯೆ, ಕೊನೆಗೆ ಏನಾಗುತ್ತದೆ, ಮುಂದೆ ಏನು ಬರೆಯುತ್ತಿದ್ದೀರಿ, ಬೇರೆ ಯಾರಿಗೆ ಕಳುಹಿಸಿದ್ದೀರಿ. ಅಂತ್ಯವನ್ನು ಮುಚ್ಚಿಡಬೇಡಿ. ಈಗಾಗಲೇ ಸ್ವಂತವಾಗಿ ಪ್ರಕಟಿಸಿದ್ದರೆ ಅದನ್ನೂ ಹೇಳಿ, ಎಷ್ಟು ಪ್ರತಿ ಹೋಯಿತು ಎಂಬುದರ ಸಮೇತ. "ಬೇಡ" ಎಂದರೆ ವಾದಿಸದೆ, ಉಳಿದ ಸಮಯದಲ್ಲಿ "ಯಾವ ಜಾಗದಲ್ಲಿ ನಿಮ್ಮ ಆಸಕ್ತಿ ತಪ್ಪಿತು?" ಎಂದು ಕೇಳಿ. ಆ ಉತ್ತರಕ್ಕೆ ಶುಲ್ಕದಷ್ಟೇ ಬೆಲೆ ಇದೆ.

"ಕಳುಹಿಸಿ" ಎಂದರೆ ಎಷ್ಟು ಪುಟ, ಯಾವ ವಿಳಾಸಕ್ಕೆ, ಫೈಲ್ ಲಗತ್ತಿಸಬೇಕೆ ಎಂದು ಕೇಳಿ ಅಲ್ಲೇ ಬರೆದುಕೊಳ್ಳಿ. ಹಿಗ್ಗಿ ಹೋಗುವುದು ಬೇಡ. ಎದುರು ಕೂತವರಿಗೆ ಮುಖ ಕೊಟ್ಟು "ಬೇಡ" ಎನ್ನುವುದು ಯಾರಿಗೂ ಕಷ್ಟ. ಪಿಚ್ ಕೇಳಿದ ಏಜೆಂಟರು ಹಲವು ಲೇಖಕರಿಗೆ "ಕಳುಹಿಸಿ" ಎನ್ನುತ್ತಾರೆ.

ತರಗತಿಗಳಲ್ಲಿ ಒಂದನ್ನು ತಪ್ಪಿಸಬೇಡಿ. ಮೊದಲ ಪುಟದ ಚರ್ಚೆ ಎಂಬುದಿರುತ್ತದೆ: ಹೆಸರಿಲ್ಲದ ಹಸ್ತಪ್ರತಿಗಳ ಮೊದಲ ಪುಟವನ್ನು ಒಬ್ಬರು ಗಟ್ಟಿಯಾಗಿ ಓದುತ್ತಾರೆ, ವೇದಿಕೆಯ ಮೇಲಿನ ಏಜೆಂಟರು ತಾವು ಓದು ನಿಲ್ಲಿಸುವ ಜಾಗದಲ್ಲಿ ಕೈ ಎತ್ತುತ್ತಾರೆ. ಕನಸಿನಿಂದ ಎಚ್ಚರವಾಗುವುದು, ಹವಾಮಾನ ವರ್ಣನೆ, ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವುದು, ಎರಡನೇ ಪ್ಯಾರಾದಲ್ಲೇ ಇಡೀ ವಂಶಾವಳಿ ಇವುಗಳಿಗೆ ಕೈಗಳು ಎಷ್ಟು ಬೇಗ ಮೇಲೇಳುತ್ತವೆ ಎಂದು ನೋಡಿದವರು ತಮ್ಮ ಮೊದಲ ಪುಟವನ್ನು ಅವತ್ತೇ ರಾತ್ರಿ ತಿದ್ದುತ್ತಾರೆ. ನಿಮ್ಮದನ್ನೂ ಕೊಡಿ.

ಊಟದ ಮೇಜಿನಲ್ಲಿ ಏಜೆಂಟ್ ಪಕ್ಕ ಸಿಕ್ಕರೆ ಬೇರೆ ಮಾತಾಡಿ, "ಏನು ಬರೆಯುತ್ತೀರಿ?" ಎಂದು ಅವರು ಕೇಳಿದರೆ ಎರಡು ವಾಕ್ಯದಲ್ಲಿ ಹೇಳಿ. ಶೌಚಾಲಯದ ಸಾಲಿನಲ್ಲಿ, ಲಿಫ್ಟಿನಲ್ಲಿ ಹಿಡಿದು ಹೇಳುವುದು ಬೇಡ. ನಿಮ್ಮ ಹಾಗೆಯೇ ಬಂದ ಲೇಖಕರ ಇಮೇಲ್ ಪಡೆಯಿರಿ. ಮುಂದಿನ ಕರಡನ್ನು ನಿಷ್ಠುರವಾಗಿ ಓದಿಕೊಡುವವರು ಇವರೊಳಗೇ ಸಿಗುತ್ತಾರೆ.

6. ಹಿಂದಿರುಗಿದ ಮೇಲೆ

ಎರಡು ವಾರದೊಳಗೆ ಕಳುಹಿಸಿ. ಆದರೆ ದೊಡ್ಡ ದೋಷ ಗೊತ್ತಾಗಿದ್ದರೆ ತಿದ್ದಿಯೇ ಕಳುಹಿಸಿ, ಒಂದೆರಡು ತಿಂಗಳು ತಡವಾದರೂ ನಷ್ಟವಿಲ್ಲ. ಇಮೇಲಿನ ವಿಷಯದ ಸಾಲಿನಲ್ಲಿ ಅವರೇ ಕೇಳಿದ ಹಸ್ತಪ್ರತಿ ಎಂದು, ಸಮ್ಮೇಳನದ ಮತ್ತು ಪುಸ್ತಕದ ಹೆಸರು ಬರೆಯಿರಿ. ಒಳಗೆ ಕ್ವೆರಿ ಪತ್ರ, ಅಂದರೆ ಪುಸ್ತಕವನ್ನು ಪರಿಚಯಿಸುವ 250ರಿಂದ 350 ಪದದ ಪತ್ರ. ಪಿಚ್‌ನ ಬರಹ ರೂಪ ಎನ್ನಬಹುದು. ಕೇಳಿದ್ದರೆ ಒಂದೆರಡು ಪುಟದ ಸಾರಾಂಶ, ಅಂತ್ಯ ಸಮೇತ. ಹಸ್ತಪ್ರತಿ ವರ್ಡ್ ಫೈಲಿನಲ್ಲಿ, ಟೈಮ್ಸ್ ನ್ಯೂ ರೋಮನ್, 12 ಪಾಯಿಂಟ್, ಸಾಲುಗಳ ನಡುವೆ ಎರಡು ಪಟ್ಟು ಜಾಗ, ನಾಲ್ಕೂ ಕಡೆ ಒಂದು ಇಂಚು ಅಂಚು, ಪ್ರತಿ ಪುಟದಲ್ಲಿ ಹೆಸರು ಮತ್ತು ಪುಟಸಂಖ್ಯೆ. ಕೆಲವರು ಇಮೇಲ್ ಬದಲು ಕ್ವೆರಿಮ್ಯಾನೇಜರ್ ಎಂಬ ಅರ್ಜಿ ನಮೂನೆಯ ಮೂಲಕವೇ ಪಡೆಯುತ್ತಾರೆ.

ಸಮ್ಮೇಳನದಲ್ಲಿ ಸಿಗದ ಏಜೆಂಟರಿಗೂ, ಒಂದು ಸಲಕ್ಕೆ ಎಂಟು ಹತ್ತು ಏಜೆಂಟರ ಒಂದು ತಂಡಕ್ಕೆ ಎಂಬಂತೆ, ಕ್ವೆರಿ ಕಳುಹಿಸಿ. ಒಂದು ಏಜೆನ್ಸಿಯಲ್ಲಿ ಒಮ್ಮೆಗೆ ಒಬ್ಬರಿಗೆ ಮಾತ್ರ. ಯಾರಿಗೆ, ಯಾವತ್ತು, ಏನು, ಉತ್ತರವೇನು ಎಂದು ಪಟ್ಟಿ ಇಡಿ. ಕ್ವೆರಿಗೆ ಆರರಿಂದ ಎಂಟು ವಾರ, ಕೇಳಿ ಪಡೆದ ಹಸ್ತಪ್ರತಿಗೆ ಮೂರು ತಿಂಗಳು ಕಾದು ಒಮ್ಮೆ ವಿನಯವಾಗಿ ನೆನಪಿಸಿ. ಹಲವು ಏಜೆನ್ಸಿಗಳಲ್ಲಿ ಉತ್ತರ ಬಾರದಿದ್ದರೆ ಬೇಡ ಎಂದೇ ಅರ್ಥ. ತಮಗೊಬ್ಬರಿಗೇ ತೋರಿಸಿ ಎಂದು ಯಾರಾದರೂ ಕೇಳಿದರೆ ಎರಡರಿಂದ ನಾಲ್ಕು ವಾರದ ಗಡುವು ಹಾಕಿ.

ನಿರಾಕರಣೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ರೋಗ ಎಲ್ಲಿದೆ ಎಂದು ಗೊತ್ತಾಗುತ್ತದೆ. ಪಿಚ್‌ಗೂ ಕ್ವೆರಿಗೂ ಯಾರೂ ಪುಟ ಕೇಳದಿದ್ದರೆ ಕಥೆಯನ್ನು ಹೇಳುವ ರೀತಿ ಅಥವಾ ಏಜೆಂಟರ ಆಯ್ಕೆ ತಪ್ಪಿದೆ. ಪುಟ ಕೇಳಿ ಮುಂದೆ ಹೋಗದಿದ್ದರೆ ಆರಂಭದ ಪುಟಗಳಲ್ಲಿ ದೋಷ. ಪೂರ್ತಿ ಓದಿ ಒಪ್ಪದವರು ಇಬ್ಬರು ಮೂವರಾದರೆ, ನಡುವಿನ ಅಥವಾ ಕೊನೆಯ ಭಾಗವನ್ನು ಮತ್ತೆ ಕಟ್ಟಬೇಕು. ಅಲ್ಲಿಯವರೆಗೆ ಮುಂದಿನ ತಂಡಕ್ಕೆ ಕಳುಹಿಸಬೇಡಿ, ಒಮ್ಮೆ ತಿರಸ್ಕರಿಸಿದವರು ಅದೇ ಪುಸ್ತಕವನ್ನು ಮತ್ತೆ ನೋಡುವುದು ಅಪರೂಪ.

7. ಏಜೆಂಟ್ ಒಪ್ಪಿದರೆ

ಫೋನಿನಲ್ಲೇ ಹೂಂ ಎನ್ನಬೇಡಿ. ಹಸ್ತಪ್ರತಿ ಇಟ್ಟುಕೊಂಡಿರುವ ಉಳಿದವರಿಗೆ ತಿಳಿಸಿ ಸುಮಾರು ಎರಡು ವಾರ ಕೇಳುವುದು ಒಪ್ಪಿತ ರೂಢಿ. ಯಾವ ಪ್ರಕಾಶಕರಿಗೆ ತೋರಿಸುತ್ತೀರಿ, ಎಷ್ಟು ತಿದ್ದುಪಡಿ ಬೇಕು, ಅನುವಾದ ಮತ್ತು ಸಿನಿಮಾ ಹಕ್ಕು ಯಾರು ನೋಡುತ್ತಾರೆ ಎಂದು ಕೇಳಿ. ಒಪ್ಪಂದದಲ್ಲಿ ಕಮಿಷನ್, ಸಂಬಂಧ ಬಿಡಿಸಿಕೊಳ್ಳಲು ಎಷ್ಟು ದಿನದ ನೋಟಿಸ್, ಒಂದು ಪುಸ್ತಕಕ್ಕೋ ಮುಂದಿನ ಎಲ್ಲದಕ್ಕೋ ಎಂಬುದನ್ನು ಓದಿ.

ಹಣ ಬರುವ ಬಗೆ ಹೀಗೆ. 20,000 ಡಾಲರ್ ಮುಂಗಡ ಎಂದರೆ ಏಜೆಂಟ್ 15%, ಅಂದರೆ 3,000 ಕಳೆದು 17,000. ಅದೂ ಸಹಿ, ಹಸ್ತಪ್ರತಿ ಒಪ್ಪಿಗೆ, ಪ್ರಕಟಣೆ ಎಂದು ಕಂತುಗಳಲ್ಲಿ. ಭಾರತದಲ್ಲಿ ತೆರಿಗೆ ಕಟ್ಟುವವರಾದರೆ ಅಮೆರಿಕದ ಡಬ್ಲ್ಯು-8ಬೆನ್ ನಮೂನೆ ತುಂಬಿ ಕೊಡಿ. ಇಲ್ಲದಿದ್ದರೆ 30% ತೆರಿಗೆ ಹಿಡಿಯುತ್ತಾರೆ, ಎರಡು ದೇಶಗಳ ಒಪ್ಪಂದದಂತೆ ಪುಸ್ತಕದ ರಾಯಲ್ಟಿಗೆ ಅದು 15%ಕ್ಕೆ ಇಳಿಯುತ್ತದೆ.

8. ಕನ್ನಡದಿಂದ ಅನುವಾದವಾದರೆ

2025ರಲ್ಲಿ ಬಾನು ಮುಷ್ತಾಕ್ ಮತ್ತು ಅನುವಾದಕಿ ದೀಪಾ ಭಾಸ್ತಿ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಈ ಪ್ರಶ್ನೆ ಹೆಚ್ಚಾಗಿದೆ. ಆ ಪ್ರಶಸ್ತಿಯ 50,000 ಪೌಂಡನ್ನು ಲೇಖಕ, ಅನುವಾದಕರಿಗೆ ಸಮನಾಗಿ ಹಂಚುತ್ತಾರೆ. ನಿಮ್ಮ ನಡುವೆಯೂ ಹಂಚಿಕೆ ಏನೆಂದು ಮೊದಲೇ ಕಾಗದದಲ್ಲಿ ಬರೆದುಕೊಳ್ಳಿ. ಪಿಚ್‌ಗೆ ಇಡೀ ಅನುವಾದ ಬೇಕಿಲ್ಲ: ನುಣುಪಾಗಿ ತಿದ್ದಿದ 5,000 ಪದದಷ್ಟು ಮಾದರಿ, ಪೂರ್ತಿ ಕಥೆಯ ಸಾರಾಂಶ, ಕನ್ನಡದಲ್ಲಿ ಎಷ್ಟು ಮುದ್ರಣ ಕಂಡಿದೆ, ಯಾವ ಪ್ರಶಸ್ತಿ ಬಂದಿದೆ ಎಂಬ ಟಿಪ್ಪಣಿ ಸಾಕು. ಮಾದರಿಗೆ ಪುಸ್ತಕದ ಮೊದಲ ಅಧ್ಯಾಯವೇ ಆಗಬೇಕೆಂದಿಲ್ಲ.

ಅಲ್ಲಿ ಮೊದಲು ಬರುವ ಪ್ರಶ್ನೆ "ಅನುವಾದದ ಹಕ್ಕು ಯಾರ ಬಳಿ ಇದೆ?" ಕನ್ನಡದ ಪ್ರಕಾಶಕರ ಜೊತೆ ಮಾತಿನಲ್ಲೇ ಎಲ್ಲ ಮುಗಿಸಿದವರು ಇಲ್ಲಿ ತಡವರಿಸುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತದೊಳಗೆ ಮಾತ್ರ ಎಂದೇ ಅರ್ಥ. ಹಳೆಯ ಒಪ್ಪಂದ ಹುಡುಕಿ ತೆಗೆಯಿರಿ. ಅದರಲ್ಲಿ ಅನುವಾದದ ಮಾತು ಇದ್ದರೆ ಪ್ರಕಾಶಕರಿಂದ, ಲೇಖಕರು ತೀರಿಕೊಂಡಿದ್ದರೆ ವಾರಸುದಾರರೆಲ್ಲರಿಂದ ಒಪ್ಪಿಗೆ ಪತ್ರ ಪಡೆದು, ಅದರ ಪ್ರತಿಯನ್ನು ಪಿಚ್‌ಗೆ ಹೋಗುವ ದಿನ ಫೋನಿನಲ್ಲಿ ಇಟ್ಟುಕೊಂಡಿರಿ.